3,000 ಆರ್‌ಪಿಎಂ ದಾಟಿದರೆ ಎಂಜಿನ್ ಎಳೆಯುತ್ತಿಲ್ಲ: ದೋಷ ಗಾಳಿಯಲ್ಲೋ, ಇಂಧನದಲ್ಲೋ, ಹೊಗೆ ಹೋಗುವ ದಾರಿಯಲ್ಲೋ?

ನಾಲ್ಕುಚಕ್ರ:

ಎಲ್ಲರಿಗೂ ನಮಸ್ಕಾರ. ಕೆಲವು ತಿಂಗಳಿಂದ ನನ್ನ ಕಾರಿನ ಎಂಜಿನ್ ಎಳೆತ ಕಳೆದುಕೊಂಡಿದೆ. 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಟರ್ಬೊ ಇಲ್ಲ. ಒಂಬತ್ತು ವರ್ಷ ಹಳೆಯದು, 1,10,000 ಕಿಲೋಮೀಟರ್ ಓಡಿದೆ. ಸ್ಟಾರ್ಟ್ ಮಾಡುವಾಗ ತೊಂದರೆಯಿಲ್ಲ, ಐಡ್ಲಿಂಗ್‌ನಲ್ಲಿ ಅದುರುವುದಿಲ್ಲ, 2,500 ಆರ್‌ಪಿಎಂವರೆಗೆ ಹೊಸತರಲ್ಲಿ ಓಡುತ್ತಿದ್ದಂತೆಯೇ ಓಡುತ್ತದೆ. 3,000 ದಾಟಿದರೆ ಮಾತ್ರ ಯಾರೋ ಹಿಂದಿನಿಂದ ಹಗ್ಗ ಕಟ್ಟಿ ಜಗ್ಗುತ್ತಿರುವಂತೆ ಆಗುತ್ತದೆ. ಮೂರನೇ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ಮುಳ್ಳು 3,500ರ ಆಸುಪಾಸಿನಲ್ಲಿ ನಿಂತುಬಿಡುತ್ತದೆ. ಕಾಲನ್ನು ಅರ್ಧಕ್ಕೆ ಎತ್ತಿದರೂ ಎಳೆತದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಆದರೆ ನಿಂತಲ್ಲೇ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೆ 5,500ರವರೆಗೂ ಸಲೀಸಾಗಿ ಏರುತ್ತದೆ. ಎಂಜಿನ್ ದೀಪ ಒಮ್ಮೆಯೂ ಹೊತ್ತಿಲ್ಲ, ಸ್ಕ್ಯಾನರ್ ಹಾಕಿ ನೋಡಿದರೆ ಒಂದು ಕೋಡೂ ಇಲ್ಲ.

ಇಷ್ಟರೊಳಗೆ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ಫ್ಯೂಯಲ್ ಫಿಲ್ಟರ್ ಬದಲಾಯಿಸಿದ್ದಾಗಿದೆ, ಇಂಜೆಕ್ಟರ್ ಮತ್ತು ಥ್ರಾಟಲ್ ಬಾಡಿ (ಆಕ್ಸಿಲರೇಟರ್ ಒತ್ತಿದಾಗ ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಸ್ವಚ್ಛಗೊಳಿಸಿದ್ದಾಗಿದೆ. ಕಾರು ಮಾತ್ರ ಇದ್ದ ಹಾಗೆಯೇ ಇದೆ. ಈಗ ಫ್ಯೂಯಲ್ ಪಂಪ್ ಬದಲಾಯಿಸಿ ನೋಡೋಣ ಎಂಬ ಸಲಹೆ ಬಂದಿದೆ. ಅದನ್ನೂ ಬದಲಾಯಿಸುವ ಮೊದಲು, ದೋಷ ಎಲ್ಲಿದೆಯೆಂದು ಖಚಿತವಾಗಿ ಕಂಡುಹಿಡಿಯುವ ದಾರಿ ಇದೆಯೇ ಎಂದು ತಿಳಿದವರಲ್ಲಿ ಕೇಳುತ್ತಿದ್ದೇನೆ.

ಹಳೆಸ್ಪ್ಯಾನರ್:

ಪಂಪ್ ಬದಲಾಯಿಸಬೇಡಿ, ಸ್ವಲ್ಪ ತಡೆಯಿರಿ. ನೀವು ಕೊಟ್ಟಿರುವ ವಿವರಣೆಯೇ ಅರ್ಧ ಪರೀಕ್ಷೆಯನ್ನು ಮುಗಿಸಿದೆ.

ಎಂಜಿನ್‌ಗೆ ಶಕ್ತಿ ಇಲ್ಲವೋ ಅಥವಾ ಇರುವ ಶಕ್ತಿ ಚಕ್ರದವರೆಗೆ ತಲುಪುತ್ತಿಲ್ಲವೋ ಎಂಬುದನ್ನು ಮೊದಲು ಬೇರ್ಪಡಿಸಬೇಕು. ಕ್ಲಚ್ ಜಾರುತ್ತಿದ್ದರೆ ಆರ್‌ಪಿಎಂ ಏರುತ್ತದೆ, ವೇಗ ಏರುವುದಿಲ್ಲ. ನಿಮ್ಮಲ್ಲಿ ಮುಳ್ಳೇ ಏರುತ್ತಿಲ್ಲವಾದ್ದರಿಂದ ಕ್ಲಚ್ಚನ್ನು ಬಿಟ್ಟುಬಿಡಬಹುದು. ಬ್ರೇಕ್ ಹಿಡಿದುಕೊಂಡಿದ್ದರೆ ಎಂಜಿನ್ ಸರಿಯಾಗಿದ್ದರೂ ಕಾರು ಎಳೆಯುವುದಿಲ್ಲ. ಆಗ 2,500ರ ಕೆಳಗೂ ಭಾರ ಅನ್ನಿಸಬೇಕು. ಆದರೂ ಒಮ್ಮೆ ಬ್ರೇಕನ್ನು ಆದಷ್ಟು ಕಡಿಮೆ ಬಳಸಿ ಹತ್ತು ಕಿಲೋಮೀಟರ್ ಓಡಿಸಿ, ನಾಲ್ಕೂ ಚಕ್ರಗಳ ರಿಮ್ಮಿನ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಗೊತ್ತಾಗುತ್ತದೆ.

ಎರಡನೆಯ ಮಾತು. ಒಂದು ಸಿಲಿಂಡರ್ ಕೆಲಸ ಮಾಡದೆ ಮಿಸ್ಸಿಂಗ್ ಆಗುತ್ತಿದ್ದರೆ ಅದು ಸಾಮಾನ್ಯವಾಗಿ ಐಡ್ಲಿಂಗ್‌ನಲ್ಲೂ ಅದುರಿ ತನ್ನನ್ನು ತೋರಿಸಿಕೊಳ್ಳುತ್ತದೆ. ಕೆಳಗಿನ ವೇಗದಲ್ಲಿ ಎಲ್ಲವೂ ಸರಿಯಿದ್ದು, ಮೇಲೆ ಹೋದಂತೆ ಎಳೆತ ಕುಸಿಯುತ್ತಿದೆ ಎಂದರೆ ಯಾವುದೋ ಒಂದು ವಸ್ತು ಬೇಕಾದಷ್ಟು ಪ್ರಮಾಣದಲ್ಲಿ ಹರಿಯುತ್ತಿಲ್ಲ ಎಂದು ಅರ್ಥ. ಹರಿಯಬೇಕಾದವು ಮೂರೇ: ಒಳಗೆ ಬರುವ ಗಾಳಿ, ಒಳಗೆ ಬರುವ ಪೆಟ್ರೋಲ್, ಹೊರಗೆ ಹೋಗುವ ಹೊಗೆ. ಕಿರಿದಾದ ಕೊಳವೆಯಲ್ಲಿ ತೊಟ್ಟಿಕ್ಕುವ ನೀರಿಗೆ ಅಡ್ಡಿ ಗೊತ್ತಾಗುವುದಿಲ್ಲ, ರಭಸದ ನೀರಿಗೆ ಗೊತ್ತಾಗುತ್ತದೆ.

ನ್ಯೂಟ್ರಲ್‌ನಲ್ಲಿ 5,500 ಮುಟ್ಟುತ್ತದೆ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ. ಹೊರೆಯಿಲ್ಲದ ಎಂಜಿನ್‌ಗೆ ತನ್ನನ್ನು ತಾನು ತಿರುಗಿಸಿಕೊಳ್ಳಲು ಬೇಕಾಗುವಷ್ಟೇ ಗಾಳಿ ಸಾಕು. ಥ್ರಾಟಲ್ ಕೊಂಚವೇ ತೆರೆದಿರುತ್ತದೆ. ಅದೇ ಎಂಜಿನ್ ಏರಿನಲ್ಲಿ ಕಾರನ್ನು ಎಳೆಯುವಾಗ ಅದರ ಎಷ್ಟೋ ಪಟ್ಟು ಗಾಳಿಯನ್ನೂ ಪೆಟ್ರೋಲನ್ನೂ ಕೇಳುತ್ತದೆ. ಆದ್ದರಿಂದ ಎಳೆತ ಇಲ್ಲವೆಂಬ ದೂರನ್ನು ನಿಂತ ಕಾರಿನಲ್ಲಿ ಪರೀಕ್ಷಿಸಿ ಮುಗಿಸಲಾಗದು, ಹೊರೆಯಲ್ಲೇ ಅಳೆಯಬೇಕು. ಕೆಲಸ ಕಲಿಯುವ ಹುಡುಗರಿಗೆ ನಾನು ಮೊದಲು ಹೇಳಿಕೊಡುವುದೇ ಇದನ್ನು.

ದೂರಪಯಣ:

ನಿಮ್ಮ ವಿವರಣೆ ಓದಿದ ತಕ್ಷಣ ನನ್ನ ಹಿಂದಿನ ಕಾರು ನೆನಪಾಯಿತು. ಅದರಲ್ಲಿಯೂ ಹೀಗೆಯೇ ಆಗಿತ್ತು. ಕೊನೆಗೆ ಸಿಕ್ಕಿದ್ದು ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ದಾರಿಯಲ್ಲಿ ಹೊಗೆಯನ್ನು ಶುದ್ಧಗೊಳಿಸುವ ಡಬ್ಬಿ, ಕಟ್ಟಿಕೊಂಡಿರುವುದು. ಒಂದು ಇಗ್ನಿಷನ್ ಕಾಯಿಲ್ ಹಾಳಾಗಿ ಎಂಜಿನ್ ಮಿಸ್ಸಿಂಗ್ ಆಗುತ್ತಿದ್ದರೂ ನಾನು ನಿರ್ಲಕ್ಷಿಸಿ ಓಡಿಸಿದ್ದೆ. ಸಿಲಿಂಡರಿನಲ್ಲಿ ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿದು, ಒಳಗಿನ ಜೇನುಗೂಡಿನಂಥ ಸೆರಾಮಿಕ್ ಕರಗಿ ಗಟ್ಟಿಯಾಗಿತ್ತು. ಬಿಚ್ಚಿ ಬೆಳಕಿಗೆ ಹಿಡಿದಾಗ ಸಾಲುಸಾಲಾಗಿ ಕಾಣಬೇಕಾಗಿದ್ದ ರಂಧ್ರಗಳ ಜಾಗದಲ್ಲಿ ಗಾಜು ಕರಗಿದಂಥ ಬೂದುಬಣ್ಣದ ಮುದ್ದೆ ಇತ್ತು. ಅಂಚಿನಲ್ಲಿ ಬೆರಳಗಲ ಮಾತ್ರ ದಾರಿ ಉಳಿದಿತ್ತು. ಅದರಲ್ಲಿಯೂ ಎಂಜಿನ್ ನಿಂತಲ್ಲಿ ಚೆನ್ನಾಗಿ ಓಡುತ್ತಿತ್ತು, ಏರಿನಲ್ಲಿ ಉಸಿರು ಕಟ್ಟುತ್ತಿತ್ತು. ನೀವು ನೇರವಾಗಿ ಕನ್ವರ್ಟರನ್ನು ಬಿಚ್ಚಿ ನೋಡಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಮಾಪಕ:

ದೂರಪಯಣ ಅವರ ಊಹೆ ಅಸಂಗತವಲ್ಲ, ಆದರೆ ಬಿಚ್ಚುವ ಮೊದಲು ಕಾರಿನಲ್ಲೇ ಇರುವ ಸೆನ್ಸರುಗಳನ್ನು ಕೇಳೋಣ. ಕೋಡ್ ಇಲ್ಲವೆಂದರೆ ಸ್ಕ್ಯಾನರಿನಿಂದ ಉಪಯೋಗವಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಕೋಡ್ ಎಂಬುದು ಎಂಜಿನ್ ಕಂಪ್ಯೂಟರ್ ತಾನು ಗುರುತಿಸಬಲ್ಲ ತಪ್ಪನ್ನು ಬರೆದಿಟ್ಟ ಟಿಪ್ಪಣಿ ಮಾತ್ರ. ಅದು ಗುರುತಿಸಲಾಗದ ತಪ್ಪುಗಳೂ ಲೈವ್ ಡೇಟಾದ ಅಂಕಿಗಳಲ್ಲಿ ಕಾಣುತ್ತವೆ.

ವಾಹನ ಸಂಚಾರವಿಲ್ಲದ ನೇರ ರಸ್ತೆಯಲ್ಲಿ ಎರಡನೇ ಗೇರಿನಲ್ಲಿ 2,000 ಆರ್‌ಪಿಎಂನಿಂದ ಆಕ್ಸಿಲರೇಟರನ್ನು ಪೂರ್ತಿ ಒತ್ತಿ, ಎಲ್ಲಿಯವರೆಗೆ ಏರುತ್ತದೋ ಅಲ್ಲಿಯವರೆಗೆ ಓಡಿಸಿ, ಸ್ಕ್ಯಾನರಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅಂಕಿ ನೋಡುವ ಕೆಲಸ ಪಕ್ಕದಲ್ಲಿ ಕೂತವರದು, ಓಡಿಸುವವರ ಕಣ್ಣು ರಸ್ತೆಯ ಮೇಲೇ ಇರಲಿ. ಬೇಕಾಗಿರುವ ಅಂಕಿಗಳು: ಥ್ರಾಟಲ್ ಎಷ್ಟು ಪ್ರತಿಶತ ತೆರೆದಿದೆ, ಮ್ಯಾಪ್ ಸೆನ್ಸರ್ ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗಿನ ಒತ್ತಡ, ಕನ್ವರ್ಟರಿಗಿಂತ ಮುಂಚೆ ಹೊಗೆಯ ದಾರಿಯಲ್ಲಿ ಕುಳಿತು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗಮನಿಸುವ ಮುಂದಿನ ಆಕ್ಸಿಜನ್ ಸೆನ್ಸರಿನ ವೋಲ್ಟೇಜ್, ಫ್ಯೂಯಲ್ ಟ್ರಿಮ್ ಅಂದರೆ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಹೆಚ್ಚುಕಡಿಮೆ ಮಾಡಿ ಸರಿದೂಗಿಸುತ್ತಿದೆ ಎಂಬುದು, ಇಗ್ನಿಷನ್ ಅಡ್ವಾನ್ಸ್ ಅಂದರೆ ಕಿಡಿ ಎಷ್ಟು ಮುಂಚಿತವಾಗಿ ಹೊತ್ತುತ್ತದೆ ಎಂಬುದು. ಅದಕ್ಕೆ ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಮ್ಯಾಪ್ ಎಷ್ಟು ತೋರಿಸುತ್ತದೆ ಎಂದೂ, ಬಿಸಿ ಎಂಜಿನ್‌ನ ಐಡ್ಲಿಂಗ್‌ನಲ್ಲಿ ಎಷ್ಟು ತೋರಿಸುತ್ತದೆ ಎಂದೂ ಬರೆದುಕೊಳ್ಳಿ. ಕೀ ಮಾತ್ರ ಆನ್ ಆಗಿರುವಾಗ ಕಾಣುವುದು ಆ ಜಾಗದ ವಾತಾವರಣದ ಒತ್ತಡ. ಸಮುದ್ರಮಟ್ಟದಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್, 1,000 ಮೀಟರ್ ಎತ್ತರದಲ್ಲಿ ಸುಮಾರು 90. (ಟರ್ಬೊ ಇಲ್ಲದ ಎಂಜಿನ್ ಆ ಎತ್ತರದಲ್ಲಿ ಸುಮಾರು ಹತ್ತನೇ ಒಂದು ಭಾಗ ಶಕ್ತಿ ಕಳೆದುಕೊಳ್ಳುವುದು ಸಹಜ, ಅದನ್ನು ದೋಷವೆಂದು ಹುಡುಕುತ್ತಾ ಹೋಗಬಾರದು.)

ಪಂಪಿನ ಪ್ರಶ್ನೆಗೆ ಆಕ್ಸಿಜನ್ ಸೆನ್ಸರೇ ಉತ್ತರ ಕೊಡುತ್ತದೆ. ಪೂರ್ಣ ಹೊರೆಯಲ್ಲಿ ಕಂಪ್ಯೂಟರ್ ಉದ್ದೇಶಪೂರ್ವಕವಾಗಿ ಪೆಟ್ರೋಲನ್ನು ತುಸು ಹೆಚ್ಚು ಕೊಡುತ್ತದೆ. ಹಾಗೆ ಕೊಟ್ಟದ್ದು ತಲುಪುತ್ತಿದ್ದರೆ ಹಳೆಯ ಮಾದರಿಯ ಸೆನ್ಸರ್ 0.8 ವೋಲ್ಟ್‌ಗಿಂತ ಮೇಲೆ ನಿಲ್ಲುತ್ತದೆ. ಪಂಪ್ ಸೋತಿದ್ದರೆ, ಹೊರೆ ಬಿದ್ದ ಕೂಡಲೇ ಅದು 0.2ರ ಕೆಳಗೆ ಬಿದ್ದು ಅಲ್ಲೇ ಉಳಿಯುತ್ತದೆ. ನಿಮ್ಮದು ವೈಡ್‌ಬ್ಯಾಂಡ್ ಸೆನ್ಸರ್ ಆಗಿದ್ದರೆ ವೋಲ್ಟ್ ಬದಲು ಲ್ಯಾಂಬ್ಡಾ ಅಂಕಿಯನ್ನು ನೋಡಿ. 1ಕ್ಕಿಂತ ಕಡಿಮೆಯಿದ್ದರೆ ಪೆಟ್ರೋಲ್ ಸಾಕಷ್ಟಿದೆ, ಹೆಚ್ಚಿದ್ದರೆ ಸಾಲದಾಗಿದೆ.

ಡೀಸೆಲ್‌ಗಾಲಿ:

ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮೆಯಿರಲಿ. ನನ್ನದೂ ಎಳೆತದ್ದೇ ಸಮಸ್ಯೆ. 1.5 ಲೀಟರಿನ ಟರ್ಬೊ ಡೀಸೆಲ್. ಏರಿನಲ್ಲಿ ಕಪ್ಪು ಹೊಗೆ ಬಂದು, ಇದ್ದಕ್ಕಿದ್ದಂತೆ ಎಳೆತ ಸತ್ತುಹೋಗುತ್ತದೆ. ನಿಲ್ಲಿಸಿ, ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ. ಕೋಡ್ ಪಿ0299 ಎಂದು ಬಂದಿದೆ. ಟರ್ಬೊ ಹೋಗಿದೆ, ಬದಲಾಯಿಸಬೇಕು ಎಂದು ಹೇಳಿದ್ದಾರೆ.

ಹಳೆಸ್ಪ್ಯಾನರ್:

ಪಿ0299 ಎಂದರೆ ಟರ್ಬೊ ಹೋಗಿದೆ ಎಂದಲ್ಲ. ಕಂಪ್ಯೂಟರ್ ಬಯಸಿದಷ್ಟು ಬೂಸ್ಟ್ ಒತ್ತಡ (ಟರ್ಬೊ ಎಂಜಿನ್ ಒಳಗೆ ತಳ್ಳುವ ಗಾಳಿಯ ಒತ್ತಡ) ಬರಲಿಲ್ಲ ಎಂದು ಮಾತ್ರ. ಒತ್ತಡ ಹುಟ್ಟಲೇ ಇಲ್ಲವೋ ಅಥವಾ ಹುಟ್ಟಿದ್ದು ದಾರಿಯಲ್ಲಿ ಸೋರಿಹೋಯಿತೋ ಎಂಬುದನ್ನು ಆ ಕೋಡ್ ಹೇಳುವುದಿಲ್ಲ. ಎಳೆತ ಸತ್ತು, ಆಫ್ ಮಾಡಿ ಆನ್ ಮಾಡಿದರೆ ಮರಳಿ ಬರುತ್ತದೆ ಎಂಬುದು ಲಿಂಪ್ ಮೋಡ್, ಅಂದರೆ ಎಂಜಿನ್ ತನ್ನನ್ನು ಕಾಪಾಡಿಕೊಳ್ಳಲು ತಾನೇ ಶಕ್ತಿಯನ್ನು ತಗ್ಗಿಸಿಕೊಳ್ಳುವ ಸ್ಥಿತಿ.

ಕಪ್ಪು ಹೊಗೆ ಮುಖ್ಯ ಸುಳಿವು. ಅಳತೆ ಮಾಡಿದ ಗಾಳಿಗೆ ತಕ್ಕಷ್ಟು ಡೀಸೆಲ್ ಸುರಿದಿದೆ, ಆದರೆ ಅಳತೆಯಾದ ಗಾಳಿ ಸಿಲಿಂಡರಿಗೆ ಬಂದಿಲ್ಲ. ಟರ್ಬೊದಿಂದ ಆ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಮ್ಯಾನಿಫೋಲ್ಡಿಗೆ ಹೋಗುವ ರಬ್ಬರ್ ಹೋಸುಗಳನ್ನು ಮೊದಲು ನೋಡಿ. ಸೀಳು ಸಾಮಾನ್ಯವಾಗಿ ಕೆಳಭಾಗದಲ್ಲಿ, ಕ್ಲ್ಯಾಂಪಿನ ಅಂಚಿನಲ್ಲಿರುತ್ತದೆ. ಎಂಜಿನ್ ನಿಂತಾಗ ಅದು ಮುಚ್ಚಿಕೊಂಡಿರುತ್ತದೆ, ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ಸುತ್ತ ಎಣ್ಣೆಯ ಜಿಡ್ಡು ಮಂಜಿನಂತೆ ಚಿಮ್ಮಿದ್ದರೆ ಅಲ್ಲಿಯೇ ಹುಡುಕಿ. ಹೋಸುಗಳು ಸರಿಯಿದ್ದರೆ ಮುಂದೆ ಬೂಸ್ಟ್ ನಿಯಂತ್ರಿಸುವ ಸೊಲೆನಾಯ್ಡ್, ಅದಕ್ಕೆ ಬರುವ ಸಣ್ಣ ವ್ಯಾಕ್ಯೂಮ್ ಕೊಳವೆಗಳು, ಟರ್ಬೊದ ಆಕ್ಚುಯೇಟರ್ ಸಲಾಕೆ ಪೂರ್ತಿ ಚಲಿಸುತ್ತದೆಯೇ ಎಂಬುದು. ಇಷ್ಟೂ ಸರಿಯಿದ್ದ ಮೇಲೆ ಟರ್ಬೊದ ಮಾತು.

ನಾಲ್ಕುಚಕ್ರ:

ಎರಡು ದಿನ ಹಿಡಿಯಿತು, ಆದರೆ ಎಲ್ಲವನ್ನೂ ಅಳೆದು ಬರೆದುಕೊಂಡಿದ್ದೇನೆ. ಚಕ್ರಗಳಲ್ಲಿ ಅಸಹಜ ಬಿಸಿಯಿಲ್ಲ, ಸಮತಟ್ಟಿನಲ್ಲಿ ನ್ಯೂಟ್ರಲ್ ಹಾಕಿದರೆ ಒಬ್ಬರೇ ತಳ್ಳಬಹುದು.

ಕೀ ಮಾತ್ರ ಆನ್ ಆಗಿದ್ದಾಗ ಮ್ಯಾಪ್ 97 ಕಿಲೋಪ್ಯಾಸ್ಕಲ್, ಬಿಸಿ ಐಡ್ಲಿಂಗ್‌ನಲ್ಲಿ 33. ಪೂರ್ತಿ ಒತ್ತಿದಾಗ ಥ್ರಾಟಲ್ 84 ಪ್ರತಿಶತ. ಎಂಜಿನ್ ನಿಂತಾಗ ಒತ್ತಿದರೂ ಅಷ್ಟೇ ತೋರಿಸುತ್ತದೆ. ಆಕ್ಸಿಜನ್ ಸೆನ್ಸರ್ ಓಟದುದ್ದಕ್ಕೂ 0.86ರಿಂದ 0.88 ವೋಲ್ಟ್. ಸಾಧಾರಣ ಓಟದಲ್ಲಿ ಫ್ಯೂಯಲ್ ಟ್ರಿಮ್ ಸೊನ್ನೆಯ ಎರಡೂ ಕಡೆಗೆ 3 ಪ್ರತಿಶತ ಮೀರುವುದಿಲ್ಲ. ಇಗ್ನಿಷನ್ ಅಡ್ವಾನ್ಸ್ ಎಲ್ಲಿಯೂ ಇದ್ದಕ್ಕಿದ್ದಂತೆ ಕುಸಿಯಲಿಲ್ಲ.

ಪೂರ್ಣ ಥ್ರಾಟಲಿನಲ್ಲಿ ಮ್ಯಾಪ್ ಮಾತ್ರ ಹೀಗಿದೆ: 2,000ದಲ್ಲಿ 94, 2,500ರಲ್ಲಿ 92, 3,000ದಲ್ಲಿ 84, 3,500ರಲ್ಲಿ 72, 4,000ದಲ್ಲಿ 66. ಮೂರು ಸಲ ಓಡಿಸಿದರೂ ಹೆಚ್ಚುಕಡಿಮೆ ಇದೇ ಅಂಕಿ.

ದೂರಪಯಣ:

ಪೆಟ್ರೋಲ್ ಸಾಕಷ್ಟು ಬರುತ್ತಿದೆ, ಆದರೂ ಎಳೆತವಿಲ್ಲ. ಹಾಗಾದರೆ ಹೊಗೆಯ ದಾರಿ ಕಟ್ಟಿದೆ ಎಂದೇ ಆಯಿತಲ್ಲವೇ?

ಮಾಪಕ:

ಪಂಪ್ ನಿರಪರಾಧಿ ಎಂಬುದು ಸ್ಪಷ್ಟವಾಯಿತು. 0.86 ವೋಲ್ಟ್ ಇರುವಾಗ ಪೆಟ್ರೋಲಿನ ಕೊರತೆ ಇರಲು ಸಾಧ್ಯವಿಲ್ಲ. ಆ ಬದಲಾವಣೆ ಮಾಡಿದ್ದರೆ ಇನ್ನೊಂದು ಒಳ್ಳೆಯ ಬಿಡಿಭಾಗ ಹೊರಗೆ ಬೀಳುತ್ತಿತ್ತು, ಅಷ್ಟೆ. ಆದರೆ ಉಳಿದ ಎರಡರಲ್ಲಿ ಯಾವುದು ಎಂಬುದನ್ನು ಮ್ಯಾಪ್ ಅಂಕಿಗಳು ತೀರ್ಮಾನಿಸುತ್ತವೆ, ಮತ್ತು ಅವು ದೂರಪಯಣ ಅವರ ಊಹೆಗೆ ವಿರುದ್ಧವಾಗಿವೆ. ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ, ಯಾಕೆಂದರೆ ಈ ಎರಡು ದೋಷಗಳು ಓಡಿಸುವವರಿಗೆ ಒಂದೇ ರೀತಿ ಕಾಣುತ್ತವೆ.

ಮ್ಯಾಪ್ ಸೆನ್ಸರ್ ಕುಳಿತಿರುವುದು ಥ್ರಾಟಲ್ ಮತ್ತು ಸಿಲಿಂಡರುಗಳ ನಡುವೆ. ಥ್ರಾಟಲ್ ಪೂರ್ತಿ ತೆರೆದಾಗ ಹೊರಗಿನ ಗಾಳಿಗೂ ಮ್ಯಾನಿಫೋಲ್ಡಿಗೂ ನಡುವೆ ಬಾಗಿಲೇ ಇರುವುದಿಲ್ಲ; ಆದ್ದರಿಂದ ಒಳಗಿನ ಒತ್ತಡ ಹೊರಗಿನ ಒತ್ತಡಕ್ಕೆ ಬಹುತೇಕ ಸಮವಾಗಬೇಕು, ಮೇಲಿನ ವೇಗದಲ್ಲಿ ಕೆಲವು ಕಿಲೋಪ್ಯಾಸ್ಕಲ್ ಕಡಿಮೆಯಾಗಬಹುದು. ಈಗ ಹೊಗೆಯ ದಾರಿ ಕಟ್ಟಿದೆ ಎಂದುಕೊಳ್ಳಿ. ಸಿಲಿಂಡರಿನಲ್ಲಿ ಹಳೆಯ ಹೊಗೆ ಉಳಿದುಬಿಡುವುದರಿಂದ ಹೊಸ ಗಾಳಿ ಒಳಗೆ ಹೋಗದೆ ಮ್ಯಾನಿಫೋಲ್ಡಿನಲ್ಲೇ ಕಾದು ನಿಲ್ಲುತ್ತದೆ. ಹರಿವು ಕಡಿಮೆ, ಒತ್ತಡ ಮಾತ್ರ ಪೂರ್ತಿ. ಮ್ಯಾಪ್ 95ರ ಸುತ್ತ ಇರುತ್ತಿತ್ತು. ಅದರ ಜೊತೆಗೆ, ಮ್ಯಾಪ್ ನೋಡಿ ಗಾಳಿಯ ಲೆಕ್ಕ ಹಾಕುವ ಇಂಥ ಎಂಜಿನ್‌ಗಳಲ್ಲಿ ಕಂಪ್ಯೂಟರ್ ಆ ಒತ್ತಡವನ್ನು ನಂಬಿ, ಇರುವುದಕ್ಕಿಂತ ಹೆಚ್ಚು ಗಾಳಿ ಇದೆಯೆಂದು ತಿಳಿದು ಪೆಟ್ರೋಲ್ ಹೆಚ್ಚು ಕೊಡುತ್ತದೆ. ಹೊರೆಯಲ್ಲಿ ಫ್ಯೂಯಲ್ ಟ್ರಿಮ್ ಮೈನಸ್ ಕಡೆಗೆ ಗಣನೀಯವಾಗಿ ಸರಿಯುತ್ತಿತ್ತು. ನಿಮ್ಮಲ್ಲಿ ಆ ಎರಡೂ ಇಲ್ಲ.

ನಿಮ್ಮಲ್ಲಿ ಆಗುತ್ತಿರುವುದು ಬೇರೆ. ಬಾಗಿಲು ತೆರೆದಿದ್ದರೂ ಮ್ಯಾನಿಫೋಲ್ಡ್ 66ಕ್ಕೆ ಇಳಿಯುತ್ತಿದೆ ಎಂದರೆ, ಸಿಲಿಂಡರುಗಳು ಗಾಳಿಯನ್ನು ಎಳೆದುಕೊಳ್ಳಲು ಸಿದ್ಧವಾಗಿವೆ, ಆದರೆ ಮ್ಯಾಪ್ ಸೆನ್ಸರಿಗಿಂತ ಹಿಂದೆ ಎಲ್ಲಿಯೋ ಗಾಳಿಯ ಕತ್ತು ಹಿಸುಕಲಾಗುತ್ತಿದೆ. 97ಕ್ಕೆ 66 ಎಂದರೆ ಸುಮಾರು ಮೂರನೇ ಒಂದು ಭಾಗ ಗಾಳಿ ಬರುತ್ತಿಲ್ಲ, ಅಷ್ಟೇ ಪ್ರಮಾಣದ ಶಕ್ತಿಯೂ ಇಲ್ಲ. ಅರ್ಧ ಕಾಲೆತ್ತಿದರೂ ವ್ಯತ್ಯಾಸವಾಗುವುದಿಲ್ಲ ಎಂದು ಮೊದಲ ದಿನವೇ ಬರೆದಿದ್ದಿರಿ. ಥ್ರಾಟಲಿಗಿಂತ ಇಕ್ಕಟ್ಟಾದ ಇನ್ನೊಂದು ಬಾಗಿಲು ಅದರ ಹಿಂದೆ ಇರುವಾಗ ಥ್ರಾಟಲನ್ನು ಅರ್ಧ ಮುಚ್ಚಿದರೇನು, ಪೂರ್ತಿ ತೆರೆದರೇನು?

ಎಂಜಿನ್ ದೀಪ ಹೊತ್ತದಿರುವುದಕ್ಕೂ ಇದೇ ಕಾರಣ. ಮ್ಯಾಪ್ ಸೆನ್ಸರ್ 66 ಎಂದು ಸತ್ಯವನ್ನೇ ಹೇಳುತ್ತಿದೆ, ಕಂಪ್ಯೂಟರ್ ಅದಕ್ಕೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತಿದೆ, ಮಿಶ್ರಣ ಸರಿಯಾಗಿದೆ. ಅದರ ಲೆಕ್ಕದಲ್ಲಿ ತಪ್ಪೇ ಇಲ್ಲ. ಐಡ್ಲಿಂಗ್‌ನಲ್ಲಿ 33 ಇರುವುದರಿಂದ ಕ್ಯಾಮ್ ಟೈಮಿಂಗ್ (ವಾಲ್ವುಗಳು ತೆರೆದು ಮುಚ್ಚುವ ಹೊತ್ತು) ಒಂದು ಹಲ್ಲು ಜಾರಿರುವ ಸಂಭವವೂ ಕಡಿಮೆ. ಜಾರಿದ್ದರೆ ಆ ಅಂಕಿ ಏರಿರುತ್ತಿತ್ತು.

ಹಳೆಸ್ಪ್ಯಾನರ್:

ಮಾಪಕ ಅವರ ತರ್ಕವನ್ನು ಒಪ್ಪುತ್ತೇನೆ. ಆದರೂ ಮುಂದಿನ ಆಕ್ಸಿಜನ್ ಸೆನ್ಸರನ್ನು ಬಿಚ್ಚಿ, ಆ ರಂಧ್ರಕ್ಕೆ ಒತ್ತಡ ಮಾಪಕ ಹಾಕಿ ನೋಡುವುದು ಹದಿನೈದು ನಿಮಿಷದ ಕೆಲಸ. ಒಂದು ತೀರ್ಮಾನವನ್ನು ಎರಡು ಕಡೆಯಿಂದ ಕಟ್ಟಿದರೆ ಮುಂದೆ ಅನುಮಾನ ಉಳಿಯುವುದಿಲ್ಲ. ಸೈಲೆನ್ಸರ್ ತಣ್ಣಗಿರುವಾಗಲೇ ಬಿಚ್ಚಿ. ಐಡ್ಲಿಂಗ್‌ನಲ್ಲಿ 0.1 ಬಾರ್‌ಗಿಂತ ಕೆಳಗೆ, 2,500ರಲ್ಲಿ ಹಿಡಿದು ನಿಲ್ಲಿಸಿದಾಗ 0.2 ಬಾರ್ ಮೀರದಂತೆ ಇದ್ದರೆ ಆ ದಾರಿ ತೆರೆದಿದೆ ಎಂದು ತಿಳಿಯಬಹುದು.

ಆಮೇಲೆ ಗಾಳಿಯ ದಾರಿಯನ್ನು ಬಂಪರಿನ ಹಿಂದಿನ ಬಾಯಿಯಿಂದ ಥ್ರಾಟಲಿನವರೆಗೆ ಒಂದೊಂದು ತುಂಡಾಗಿ ಬಿಚ್ಚಿ ನೋಡಿ. ಬಾಯಿಯಲ್ಲಿ ಒಣಗಿದ ಎಲೆ, ಪ್ಲಾಸ್ಟಿಕ್, ಇಲಿ ಕಟ್ಟಿದ ಗೂಡು ಎಲ್ಲವನ್ನೂ ಕಂಡಿದ್ದೇನೆ. ಫಿಲ್ಟರ್ ಡಬ್ಬಿಯಿಂದ ಥ್ರಾಟಲಿಗೆ ಬರುವ ಕಪ್ಪು ರಬ್ಬರ್ ಹೋಸನ್ನು ಹೊರಗಿನಿಂದ ನೋಡಿ ಬಿಡಬೇಡಿ. ಬಿಚ್ಚಿ, ಟಾರ್ಚ್ ಹಾಕಿ ಒಳಗೆ ನೋಡಿ. ಫಿಲ್ಟರ್ ತೆಗೆದು ಓಡಿಸಿ ಪರೀಕ್ಷಿಸುವ ಅಭ್ಯಾಸ ಕೆಲವರಿಗಿದೆ. ಅದನ್ನು ಮಾಡಬೇಡಿ, ಒಳಗೆ ಹೋದ ಧೂಳು ಸಿಲಿಂಡರಿನ ಗೋಡೆಯನ್ನು ಉಜ್ಜುತ್ತದೆ.

ನಾಲ್ಕುಚಕ್ರ:

ಸಿಕ್ಕಿತು.

ಹೊಗೆಯ ದಾರಿಯ ಒತ್ತಡ 2,500ರಲ್ಲಿ 0.07 ಬಾರ್ ಮಾತ್ರ ಇತ್ತು, ಕನ್ವರ್ಟರ್ ಸರಿಯಾಗಿದೆ. ಬಂಪರಿನ ಕಡೆಯ ಬಾಯಿ, ಫಿಲ್ಟರ್ ಡಬ್ಬಿ ಎಲ್ಲವೂ ಖಾಲಿ, ಸ್ವಚ್ಛ. ಕೊನೆಗೆ ಎರಡು ಕ್ಲ್ಯಾಂಪ್ ಸಡಿಲಿಸಿ ರಬ್ಬರ್ ಹೋಸನ್ನು ತೆಗೆದೆವು. ಹೊರಗಿನಿಂದ ಅದರಲ್ಲಿ ಒಂದು ಬಿರುಕೂ ಇರಲಿಲ್ಲ, ಆಕಾರವೂ ಸರಿಯಾಗಿತ್ತು. ಆದರೆ ಬಾಗು ಇರುವಲ್ಲಿ ಹೆಬ್ಬೆರಳಿನಿಂದ ಒತ್ತಿದಾಗ ಒಳಗೆ ಏನೋ ಜಾರಿದಂತೆ, ಎರಡು ಪದರ ಒಂದರ ಮೇಲೊಂದು ಸರಿದಂತೆ ಆಯಿತು. ಟಾರ್ಚ್ ಹಾಕಿ ನೋಡಿದರೆ ಹೋಸಿನ ಒಳಪದರ ಸುಮಾರು ಅಂಗೈ ಉದ್ದಕ್ಕೆ ಹೊರಪದರದಿಂದ ಬಿಟ್ಟುಕೊಂಡು ನಾಲಿಗೆಯಂತೆ ಜೋತುಬಿದ್ದಿತ್ತು. ಅದರ ಒಂದು ಅಂಚು ಮಾತ್ರ ಇನ್ನೂ ಅಂಟಿಕೊಂಡಿತ್ತು. ಬಿಟ್ಟುಕೊಂಡ ಭಾಗ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗಿತ್ತು; ಬೆರಳಿಗೆ ಜಿಡ್ಡು ಹತ್ತಿತು.

ಕೈಯಿಂದ ಆ ನಾಲಿಗೆಯನ್ನು ಥ್ರಾಟಲ್ ಕಡೆಗೆ ಎತ್ತಿದಾಗ ಅದು ಎದುರು ಗೋಡೆಗೆ ತಾಗುವಷ್ಟು ಹತ್ತಿರ ಹೋಗಿ, ದಾರಿಯ ಅರ್ಧಕ್ಕಿಂತ ಹೆಚ್ಚನ್ನು ಮುಚ್ಚುತ್ತಿತ್ತು. ಬಿಟ್ಟರೆ ಮತ್ತೆ ತನ್ನ ಗೋಡೆಗೆ ಮರಳಿ ಮಲಗುತ್ತಿತ್ತು. ಏರ್ ಫಿಲ್ಟರ್ ಬದಲಾಯಿಸಿದಾಗ, ಥ್ರಾಟಲ್ ಬಾಡಿ ಸ್ವಚ್ಛಗೊಳಿಸಿದಾಗ ಈ ಹೋಸನ್ನು ಕೈಯಲ್ಲಿ ಹಿಡಿದು ಪಕ್ಕಕ್ಕೆ ಇಟ್ಟಿದ್ದರು. ಒಳಗೆ ನೋಡುವುದು ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಹೊಸ ಹೋಸ್ ಹಾಕಿ ಅದೇ ರಸ್ತೆಯಲ್ಲಿ ಅದೇ ಗೇರಿನಲ್ಲಿ ಓಡಿಸಿದೆ. 3,000ದಲ್ಲಿ ಮ್ಯಾಪ್ 95, 4,000ದಲ್ಲಿ 94, 5,000ದಲ್ಲಿ 93. ಮೂರನೇ ಗೇರಿನಲ್ಲಿ ಆ ಏರನ್ನು ಹತ್ತುವಾಗ ಎಂಜಿನ್ ಸದ್ದೇ ಬೇರೆಯಾಗಿತ್ತು, ಮುಳ್ಳು ತಡೆಯಿಲ್ಲದೆ ಏರಿತು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದ. ದೂರಪಯಣ ಅವರಿಗೂ ಧನ್ಯವಾದ. ಅವರು ಕನ್ವರ್ಟರಿನ ಮಾತೆತ್ತಿದ್ದರಿಂದಲೇ ಈ ಎರಡು ದೋಷಗಳ ವ್ಯತ್ಯಾಸ ನನಗೆ ಅರ್ಥವಾಯಿತು.

ಮಾಪಕ:

ಬಹಳ ಸಂತೋಷವಾಯಿತು. ಹಳೆಯ ಹೋಸ್ ಇದ್ದಾಗ 4,000ದಲ್ಲಿ ಹೊರಗೂ ಒಳಗೂ 31 ಕಿಲೋಪ್ಯಾಸ್ಕಲ್ ವ್ಯತ್ಯಾಸವಿತ್ತು. ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ 300 ಗ್ರಾಂಗಿಂತ ಹೆಚ್ಚು ಭಾರ ಇಟ್ಟಂತೆ. ಮೆತ್ತಗಾದ ರಬ್ಬರಿನ ಪದರವನ್ನು ಗೋಡೆಯಿಂದ ಎಬ್ಬಿಸಿ ನಿಲ್ಲಿಸಲು ಅಷ್ಟು ಬೇಕಾದಷ್ಟಾಯಿತು. ಹರಿವು ಹೆಚ್ಚಿದಷ್ಟೂ ಅದು ಏಳುತ್ತಿತ್ತು, ಎದ್ದಷ್ಟೂ ಒತ್ತಡ ಮತ್ತಷ್ಟು ಕುಸಿಯುತ್ತಿತ್ತು. 2,500ರಿಂದ 3,500ರ ನಡುವೆ ನಿಮ್ಮ ಅಂಕಿಗಳು ಅಷ್ಟು ಕಡಿದಾಗಿ ಇಳಿದದ್ದು ಇದರಿಂದಲೇ. ಫಿಲ್ಟರ್ ಕಟ್ಟಿಕೊಂಡಿದ್ದರೆ ಆ ಇಳಿತ ಇನ್ನೂ ನಿಧಾನವಾಗಿ, ಒಂದೇ ಹದದಲ್ಲಿ ಇರುತ್ತಿತ್ತು.

ಹಳೆಸ್ಪ್ಯಾನರ್:

ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಹೋಸಿನ ಒಳಪದರ ಎಣ್ಣೆ ಕುಡಿದಿತ್ತು ಎಂದು ಬರೆದಿದ್ದೀರಿ. ಆ ಎಣ್ಣೆ ಎಲ್ಲಿಂದ ಬಂತು? ಎಂಜಿನ್‌ನ ಒಳಗಿನ ಆವಿಯನ್ನು ಮರಳಿ ಗಾಳಿಯ ದಾರಿಗೆ ತರುವ ಬ್ರೀದರ್ ಕೊಳವೆ ಸಾಮಾನ್ಯವಾಗಿ ಇದೇ ಹೋಸಿಗೆ ಸೇರುತ್ತದೆ. ತುಸು ಜಿಡ್ಡು ಸಹಜ, ಆದರೆ ರಬ್ಬರ್ ಉಬ್ಬುವಷ್ಟು ಸಹಜವಲ್ಲ. ಆ ಆವಿಯನ್ನು ಮ್ಯಾನಿಫೋಲ್ಡಿಗೆ ಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೆ ಆವಿ ಸರಿಯಾದ ದಾರಿ ಬಿಟ್ಟು ಬ್ರೀದರ್ ಮೂಲಕ ಹೊಸ ಹೋಸಿಗೂ ಬರುತ್ತದೆ. ವಾಲ್ವ್ ಬಿಚ್ಚಿ ಅಲ್ಲಾಡಿಸಿ, ಒಳಗಿನ ತುಂಡು ಟಕಟಕ ಎನ್ನದಿದ್ದರೆ ಬದಲಾಯಿಸಿ. ಅದರ ಜೊತೆಗೆ ಒಮ್ಮೆ ಕಂಪ್ರೆಷನ್ ಪರೀಕ್ಷೆ, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಎಂಬ ಅಳತೆ, ಮಾಡಿಸಿ. ಪಿಸ್ಟನ್ ರಿಂಗ್ ಸವೆದು ಒತ್ತಡ ಕೆಳಗೆ ಸೋರುತ್ತಿದ್ದರೂ ಇಷ್ಟು ಎಣ್ಣೆ ಬರಬಹುದು. ಆದರೆ ಅದು ಬೇರೆ ಕಥೆ.

ಡೀಸೆಲ್‌ಗಾಲಿ:

ನನ್ನ ಕಡೆಯ ಸುದ್ದಿಯನ್ನೂ ತಿಳಿಸುತ್ತೇನೆ. ಇಂಟರ್‌ಕೂಲರಿನಿಂದ ಮ್ಯಾನಿಫೋಲ್ಡಿಗೆ ಹೋಗುವ ಹೋಸಿನ ಕೆಳಭಾಗದಲ್ಲಿ, ಕ್ಲ್ಯಾಂಪಿಗೆ ಒತ್ತಿಕೊಂಡು ನಾಲ್ಕು ಸೆಂಟಿಮೀಟರ್ ಉದ್ದದ ಸೀಳಿತ್ತು. ಕನ್ನಡಿ ಹಿಡಿದು ನೋಡುವವರೆಗೆ ಕಾಣಲಿಲ್ಲ. ಕೆಳಗಿನ ಪ್ಲಾಸ್ಟಿಕ್ ಕವಚದ ಮೇಲೆ ಎಣ್ಣೆಯ ಕಲೆ ಬೀಸಣಿಗೆಯ ಆಕಾರದಲ್ಲಿ ಹರಡಿತ್ತು. ಹೋಸ್ ಬದಲಾಯಿಸಿದ ಮೇಲೆ ಹೊಗೆಯೂ ಇಲ್ಲ, ಕೋಡೂ ಮರಳಿ ಬಂದಿಲ್ಲ. ಟರ್ಬೊವನ್ನು ಮುಟ್ಟಲಿಲ್ಲ.

ನಾಲ್ಕುಚಕ್ರ:

ಪಿಸಿವಿ ವಾಲ್ವ್ ಅಲ್ಲಾಡಿಸಿದಾಗ ಸದ್ದೇ ಬರಲಿಲ್ಲ, ಒಳಗೆ ಕಪ್ಪು ಕೆಸರು ಕಟ್ಟಿತ್ತು. ಬದಲಾಯಿಸಿದೆ. ಕಂಪ್ರೆಷನ್ ನಾಲ್ಕು ಸಿಲಿಂಡರುಗಳಲ್ಲಿ ಕ್ರಮವಾಗಿ 12.1, 12.0, 11.8 ಮತ್ತು 12.2 ಬಾರ್ ಬಂತು, ನಾಲ್ಕೂ ಹೆಚ್ಚುಕಡಿಮೆ ಸಮ, ರಿಂಗ್ ಸವೆದ ಲಕ್ಷಣವಿಲ್ಲ. ಮೂರು ವಾರ ಓಡಿಸಿದ ಬಳಿಕ ಇಂದು ಬೆಳಗ್ಗೆ ಹೊಸ ಹೋಸನ್ನು ಬಿಚ್ಚಿ ಟಾರ್ಚ್ ಹಾಕಿ ನೋಡಿದೆ. ಒಳಗೆ ಬೆರಳಾಡಿಸಿದರೆ ಜಿಡ್ಡು ಹತ್ತಲಿಲ್ಲ. ಬ್ರೀದರ್ ಸೇರುವ ಬಾಯಿಯ ಸುತ್ತ ಮಾತ್ರ ತೆಳುವಾದ ತೇವವಿದೆ.